ಹಿರಿಯರಿಂದ ಬಂದ ಬಯೊನೆಟ್, ಅದರ ಅಪರೂಪದ ಹಿಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪೆಟ್ಟಿಗೆಯಲ್ಲೋ ಅಟ್ಟದ ಮೇಲೋ ಬಯೊನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಅಲಗು, ಸಿಕ್ಕಾಗ ಕಣ್ಣು ಮೊದಲು ಹೋಗುವುದು ಹಿಡಿಯ ಕಡೆಗೆ. ಮರದ ಬದಲು ಕೆಂಪು ಪ್ಲಾಸ್ಟಿಕ್, ಚರ್ಮದ ಬಿಲ್ಲೆಗಳು, ಜಿಂಕೆ ಕೊಂಬು, ಅಲ್ಯೂಮಿನಿಯಂ, ಇಲ್ಲವೇ ಪೂರ್ತಿ ಉಕ್ಕು ಕಂಡರೆ ಇದೇನೋ ವಿಶೇಷ ಎನಿಸುವುದು ಸಹಜ. ಕೆಲವು ಸಲ ಅದು ನಿಜಕ್ಕೂ ವಿಶೇಷವೇ. ಇನ್ನು ಕೆಲವು ಸಲ ಲಕ್ಷಗಟ್ಟಲೆ ತಯಾರಾದ ಮಾದರಿಯ ಮಾಮೂಲಿ ಹಿಡಿ. ಮೂರನೆಯ ಸಾಧ್ಯತೆಯೂ ಉಂಟು: ಸೈನಿಕನೋ ಮುಂದೆ ಬಂದ ಮಾಲೀಕನೋ ಹಿಡಿಯನ್ನು ಬದಲಿಸಿರಬಹುದು. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಕಂಡುಕೊಳ್ಳಲು ಕೆಳಗಿನ ಉತ್ತರಗಳು ನೆರವಾಗುತ್ತವೆ.

ಹಿಡಿ ನೋಡಿಯೇ ಇದು ಯಾವ ದೇಶದ್ದು ಎಂದು ಹೇಳಬಹುದೇ?

ಕೆಲವೇ ಮಾದರಿಗಳಲ್ಲಿ ಹೇಳಬಹುದು. ಉಳಿದವುಗಳಲ್ಲಿ ಹಾಗೆ ಹೇಳಲು ಹೋದರೆ ದಾರಿ ತಪ್ಪುವುದೇ ಹೆಚ್ಚು. ಬಯೊನೆಟ್ಟಿನಲ್ಲಿ ಬೇಗ ಹಾಳಾಗುವುದೂ ಸುಲಭವಾಗಿ ಬದಲಾಗುವುದೂ ಹಿಡಿಯ ಎರಡು ಬದಿಯ ಚಕ್ಕೆಗಳೇ. ಉಂಗುರದ ಅಳತೆ, ಬಂದೂಕಿಗೆ ಕೂರುವ ಕೊರಕಲು, ಅಲಗಿನ ಅಡ್ಡಕೊಯ್ತ, ಬುಡದಲ್ಲಿ ಒತ್ತಿದ ಮುದ್ರೆ ಇವು ಬದಲಾಗುವುದು ತೀರಾ ಕಡಿಮೆ. ಹಾಗಾಗಿ ಮೊದಲು ಲೋಹವನ್ನು ಓದಿ ಮಾದರಿಯನ್ನು ಗೊತ್ತುಮಾಡಿಕೊಳ್ಳಿ. ಆ ಮಾದರಿಗೆ ಈ ಹಿಡಿ ಸಲ್ಲುತ್ತದೆಯೇ ಎಂಬುದನ್ನು ಆಮೇಲೆ ಕೇಳಿ. ಈ ಕ್ರಮ ತಲೆಕೆಳಗಾದಾಗಲೇ ತಪ್ಪು ಹೆಸರುಗಳು ಅಂಟಿಕೊಳ್ಳುವುದು.

ಭಾಗಗಳನ್ನು ಏನೆಂದು ಕರೆಯುತ್ತಾರೆ?

ಅಲಗಿನ ಮೊಂಡು ಬದಿ ಬೆನ್ನು, ಹರಿತವಾದ ಬದಿ ಬಾಯಿ. ಹಿಡಿಗೆ ತಾಗಿದ, ಹರಿತ ಮಾಡದ ಚಪ್ಪಟೆ ಭಾಗವೇ ಅಲಗಿನ ಬುಡ. ಮುದ್ರೆಗಳಲ್ಲಿ ಹೆಚ್ಚಿನವು ಇರುವುದು ಅಲ್ಲೇ. ಅಲಗಿಗೂ ಹಿಡಿಗೂ ನಡುವೆ ಇರುವುದು ಅಡ್ಡಪಟ್ಟಿ. ಅದರ ಮೇಲ್ತುದಿಯಲ್ಲಿ ಬಂದೂಕಿನ ನಳಿಗೆ ತೂರುವ ಉಂಗುರ ಇರುತ್ತದೆ, ಕೆಳತುದಿ ಕೆಲವು ಮಾದರಿಗಳಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ಹಿಡಿಯ ಕೊನೆಯ ಲೋಹದ ಗಟ್ಟಿ ಭಾಗ ಪಾಮೆಲ್. ಬಂದೂಕಿನ ಗೂಟಕ್ಕೆ ಕೂರುವ ಕೊರಕಲೂ ಅದನ್ನು ಬಿಡಿಸುವ ಒತ್ತುಗುಂಡಿಯೂ ಅದರಲ್ಲಿರುತ್ತವೆ. ಅಲಗಿನ ಉಕ್ಕು ಹಿಡಿಯೊಳಗೆ ಮುಂದುವರಿದ ಭಾಗ ಟ್ಯಾಂಗ್. ಅದರ ಎರಡೂ ಬದಿಗೆ ಸ್ಕ್ರೂ ಅಥವಾ ರಿವೆಟ್‌ನಿಂದ ಕೂರಿಸಿದ ಚಕ್ಕೆಗಳೇ ಗ್ರಿಪ್.

ಕೈಗೆ ಬಂದ ಕೂಡಲೇ ಏನು ಮಾಡಬೇಕು?

ಏನನ್ನೂ ಉಜ್ಜಬೇಡಿ. ಮರಳು ಕಾಗದ, ಹಿತ್ತಾಳೆ ಹೊಳಪಿನ ಪೇಸ್ಟ್, ತಿರುಗುವ ತಂತಿ ಬ್ರಷ್, ತುಕ್ಕು ಕರಗಿಸುವ ಆಮ್ಲ ಯಾವುದೂ ಬೇಡ. ಮುದ್ರೆಗಳ ಆಳ ಮಿಲಿಮೀಟರಿನ ಒಂದು ಸಣ್ಣ ಪಾಲಷ್ಟೇ. ಹತ್ತು ನಿಮಿಷ ಉಜ್ಜಿದರೆ ನೂರು ವರ್ಷದ ಗುರುತು ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ.

ದಪ್ಪ ಕೈಗವಸು ಹಾಕಿಕೊಂಡು, ಅಲಗಿನ ಬಾಯಿ ನಿಮ್ಮಿಂದ ಆಚೆಗಿರುವಂತೆ ಹಿಡಿದು, ಒರೆಯಿಂದ ನಿಧಾನವಾಗಿ ಎಳೆಯಿರಿ. ಸಿಕ್ಕಿಕೊಂಡಿದ್ದರೆ ಜಗ್ಗಬೇಡಿ. ಒರೆಯ ಬಾಯಿಗೆ ಒಂದೆರಡು ಹನಿ ತೆಳು ಖನಿಜ ತೈಲ ಬಿಟ್ಟು ಒಂದು ದಿನ ಕಾಯಿರಿ. ಚರ್ಮದ ಒರೆಯಾದರೆ ಎಣ್ಣೆಯನ್ನು ಲೋಹದ ಬಾಯಿಪಟ್ಟಿಗಷ್ಟೇ ತಾಗಿಸಿ. ಹೊರಗೆ ತೆಗೆದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ, ಎರಡೂ ಬದಿ, ಬೆನ್ನು, ಪಾಮೆಲ್ ಮತ್ತು ಒರೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ಯಾವ ಯಾವ ಅಳತೆ ಬೇಕು?

ಅಲಗಿನ ಉದ್ದವನ್ನು ಅಡ್ಡಪಟ್ಟಿಯ ಮುಂಭಾಗದಿಂದ ತುದಿಯವರೆಗೆ ನೇರ ಗೆರೆಯಲ್ಲಿ ಅಳೆಯಿರಿ. ಅಲಗು ಬಾಗಿದ್ದರೂ ಬಾಗನ್ನು ಅನುಸರಿಸಬಾರದು. ಒಟ್ಟು ಉದ್ದ, ಬುಡದಲ್ಲಿ ಅಲಗಿನ ಅಗಲ, ಬೆನ್ನಿನ ದಪ್ಪ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಉಂಗುರದ ಒಳ ವ್ಯಾಸ. ಅದನ್ನು ಸ್ಕೇಲಿನಲ್ಲಿ ಅಲ್ಲ, ವರ್ನಿಯರ್ ಕ್ಯಾಲಿಪರಿನ ಒಳ ಅಳತೆಯ ದವಡೆಗಳಿಂದ ತೆಗೆಯಬೇಕು, ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ. ಉಂಗುರ ತುಸು ಜಜ್ಜಿಹೋಗಿರಬಹುದಾದ್ದರಿಂದ ಎರಡು ದಿಕ್ಕಿನಲ್ಲಿ ಅಳೆದು ಎರಡನ್ನೂ ಬರೆಯಿರಿ. ಉಂಗುರದ ಮಧ್ಯದಿಂದ ಟ್ಯಾಂಗಿನ ಬೆನ್ನಿಗೆ ಎಷ್ಟು ದೂರ ಎಂಬುದೂ ಬೇಕಾಗುತ್ತದೆ. ಒಂದೇ ರೀತಿ ಕಾಣುವ ಎರಡು ಮಾದರಿಗಳನ್ನು ಬೇರ್ಪಡಿಸುವುದು ಕೆಲವೊಮ್ಮೆ ಆ ದೂರವೊಂದೇ.

ಹೋಲಿಸಲು ಕೆಲವು ಅಲಗಿನ ಉದ್ದಗಳು ಇಲ್ಲಿವೆ. ಬ್ರಿಟಿಷ್ 1907ರ ಮಾದರಿ 17 ಇಂಚು, ಅಂದರೆ ಸುಮಾರು 432 ಮಿ.ಮೀ. ಜಪಾನಿನ ಟೈಪ್ 30 ಸುಮಾರು 400 ಮಿ.ಮೀ. ಅಮೆರಿಕದ ಎಂ1905 16 ಇಂಚು, ಎಂ1 10 ಇಂಚು, ಎಂ4 ಆರೂಮುಕ್ಕಾಲು ಇಂಚು. ಎರಡನೇ ಮಹಾಯುದ್ಧ ಕಾಲದ ಜರ್ಮನ್ 84/98 ಸುಮಾರು 250 ಮಿ.ಮೀ. ಫ್ರಾನ್ಸಿನ 1886ರ ಲೆಬೆಲ್ ಬಂದೂಕಿನದು ಸುಮಾರು 520 ಮಿ.ಮೀ. ಸೋವಿಯತ್ ಎಕೆಎಂ ಬಂದೂಕಿನದು ಸುಮಾರು 150 ಮಿ.ಮೀ. ನಾಲ್ಕೈದು ಮಿಲಿಮೀಟರ್ ಕಡಿಮೆ ಬಂದರೆ ಗಾಬರಿ ಬೇಡ, ತುದಿಯನ್ನು ಹಲವು ಸಲ ಮಸೆದಿರುತ್ತಾರೆ.

ನನ್ನದರಲ್ಲಿ ಉಂಗುರವೇ ಇಲ್ಲ. ಮುರಿದುಹೋಗಿದೆಯೇ?

ಹಾಗೇನೂ ಇರಬೇಕಿಲ್ಲ. ಜರ್ಮನ್ 84/98ರ ಕೊನೆಯ ರೂಪಕ್ಕೆ ಉಂಗುರವೇ ಇರಲಿಲ್ಲ. ಅದು ನಳಿಗೆಯನ್ನು ಹಿಡಿಯದೆ, ಬಂದೂಕಿನ ಕೆಳಗಿನ ಉದ್ದನೆಯ ಗೂಟದ ಮೇಲೆ ಉದ್ದನೆಯ ಕೊರಕಲಿನಿಂದ ಕೂರುತ್ತಿತ್ತು. ಉಂಗುರವನ್ನು ಆಮೇಲೆ ಕತ್ತರಿಸಿದ್ದರೆ ಅಡ್ಡಪಟ್ಟಿಯ ಮೇಲ್ತುದಿಯಲ್ಲಿ ಅರದ ಗೀರುಗಳು, ಸಮವಲ್ಲದ ಅಂಚು, ಉಳಿದ ಮೈಗೆ ಹೊಂದದ ಲೋಹದ ಬಣ್ಣ ಕಾಣುತ್ತವೆ. ಮನೆಗೆಲಸದ ಚಾಕುವಾಗಿ ಬಳಸಲು ಹಾಗೆ ಕತ್ತರಿಸಿದವು ಬಹಳ ಇವೆ.

ಅಲಗು ಸರಿಯಾಗಿ 30 ಸೆಂ.ಮೀ. ಇದೆ. ಯಾವುದಿರಬಹುದು?

ಉದ್ದವೊಂದನ್ನೇ ನಂಬಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬ್ರಿಟಿಷ್ 1888ರ ಮಾದರಿ, ಸ್ವಿಸ್ 1918, ಜೆಕೊಸ್ಲೊವಾಕಿಯಾದ ವಿ.ಝಡ್. 24, ಇಟಲಿಯ ಕಾರ್ಕಾನೊ 1891, ಭಾರತದಲ್ಲಿ ಎರಡನೇ ಮಹಾಯುದ್ಧ ಕಾಲದಲ್ಲಿ ತಯಾರಾದ 12 ಇಂಚಿನ ಮೋಟು ಬಯೊನೆಟ್‌ಗಳು, ಎಲ್ಲವೂ ಹೆಚ್ಚುಕಡಿಮೆ ಇದೇ ಉದ್ದ.

ಅಲಗಿಗೆ ಎರಡೂ ಕಡೆ ಬಾಯಿ ಇದ್ದು ನಡುವೆ ಏಣು ಓಡಿದ್ದರೆ ಬ್ರಿಟಿಷ್ 1888 ಅಥವಾ ಸ್ವಿಸ್ 1918. ಬ್ರಿಟಿಷ್ ಆದರೆ ಮರದ ಗ್ರಿಪ್ಪಿನಲ್ಲಿ ಹಿತ್ತಾಳೆ ರಿವೆಟ್‌ಗಳು ಎರಡೋ ಮೂರೋ ಇರುತ್ತವೆ, ಮೂರಿದ್ದರೆ ಮೊದಮೊದಲಿನದು. ಸ್ವಿಸ್ ಆದರೆ ಬುಡದಲ್ಲಿ ನಾಯ್‌ಹೌಸನ್ ಕಾರ್ಖಾನೆಯ ಅಥವಾ ಶ್ವಿಟ್ಸ್ ಊರಿನ ಎಲ್ಸೆನರ್ ಹೆಸರು ಕಾಣಬಹುದು. ಒಂದೇ ಬಾಯಿ ಇದ್ದರೆ ಅದು ಯಾವ ಕಡೆಗಿದೆ ನೋಡಿ. ಜೆಕ್ ಮಾದರಿಯಲ್ಲಿ ಬಾಯಿ ಉಂಗುರದ ಕಡೆಗೆ, ಅಂದರೆ ಬಂದೂಕಿಗೆ ಸಿಕ್ಕಿಸಿದಾಗ ಮೇಲ್ಮುಖವಾಗಿರುತ್ತದೆ. ಆ ಒಂದು ಲಕ್ಷಣ ಕಂಡರೆ ಅರ್ಧ ಕೆಲಸ ಮುಗಿದಂತೆ.

ಬುಡದಲ್ಲಿ 1907 ಎಂದಿದೆ. ಅದು ತಯಾರಾದ ವರ್ಷವೇ?

ಅಲ್ಲ. ಬ್ರಿಟಿಷ್ ಬಯೊನೆಟ್‌ನಲ್ಲಿ ಕಿರೀಟದ ಕೆಳಗಿರುವ 1907 ಆ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕ ವರ್ಷ. ತಯಾರಾದ ದಿನಾಂಕ ಅದರ ಕೆಳಗೆ ತಿಂಗಳು ಮತ್ತು ವರ್ಷದ ಕೊನೆಯ ಎರಡು ಅಂಕೆಯಾಗಿ ಇರುತ್ತದೆ: 3 '17 ಎಂದರೆ 1917ರ ಮಾರ್ಚ್. ಅದರ ಜೊತೆಗೇ ವಿಲ್ಕಿನ್ಸನ್, ಸ್ಯಾಂಡರ್ಸನ್, ಚಾಪ್‌ಮನ್, ಮೋಲ್, ವಿಕರ್ಸ್ ಹೀಗೆ ತಯಾರಕರ ಹೆಸರು. ಆಸ್ಟ್ರೇಲಿಯಾದ ಲಿಥ್‌ಗೌ ಮತ್ತು ಭಾರತದ ಇಷಾಪುರ ಕಾರ್ಖಾನೆಗಳೂ ಇದೇ ಮಾದರಿಯನ್ನು ತಯಾರಿಸಿದವು. ಇಷಾಪುರದವುಗಳ ಮೇಲೆ ಆರ್.ಎಫ್.ಐ. ಎಂದಿರುತ್ತದೆ. ಇನ್ನೊಂದು ಬದಿಯಲ್ಲಿ ಅಗಲ ಬಾಣದ ಗುರುತು ಸರ್ಕಾರದ ಸೊತ್ತೆಂದೂ, ಎಕ್ಸ್ ಆಕಾರದ ಗುರುತು ಅಲಗು ಬಾಗಿಸುವ ಪರೀಕ್ಷೆಯಲ್ಲಿ ಗೆದ್ದಿದೆ ಎಂದೂ ತಿಳಿಸುತ್ತವೆ.

ಇದೇ ಮಾದರಿಯಲ್ಲಿ ಇನ್ನೆರಡು ಕಾಲಸೂಚಿಗಳಿವೆ. ಅಡ್ಡಪಟ್ಟಿಯ ಕೆಳಗಿನ ಕೊಕ್ಕೆಯನ್ನು 1913ರಲ್ಲಿ ಕೈಬಿಟ್ಟರು, ಇದ್ದವುಗಳಲ್ಲೂ ಹೆಚ್ಚಿನವನ್ನು ಕತ್ತರಿಸಿದರು. ಪಾಮೆಲಿನ ಕೊರಕಲಿಗೆ ಸೇರಿದ ಕೊಳೆ ಹೊರಹೋಗುವ ತೂತನ್ನು 1916ರಲ್ಲಿ ಸೇರಿಸಿದರು. ಕೊಕ್ಕೆ ಉಳಿದಿರುವವು ಅಪರೂಪವಾದ್ದರಿಂದ ಕೊಕ್ಕೆ ಬೆಸೆದ ನಕಲಿಗಳೂ ಇವೆ. ಕೊಕ್ಕೆಯ ಬುಡದಲ್ಲಿ ಬೆಸುಗೆಯ ಗೆರೆ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಬೇರೆ ದೇಶಗಳ ಮುದ್ರೆ ಎಲ್ಲಿ ಹುಡುಕಬೇಕು?

ಜರ್ಮನಿಯ ಸಾಮ್ರಾಜ್ಯ ಕಾಲದವುಗಳಲ್ಲಿ ಬೆನ್ನಿನ ಮೇಲೆ, ಹಿಡಿಗೆ ಹತ್ತಿರ: ಕಿರೀಟ, ಅದರ ಕೆಳಗೆ ಒಂದು ಅಕ್ಷರ, ಎರಡಂಕಿಯ ವರ್ಷ. ಡಬ್ಲ್ಯು ಪ್ರಷ್ಯಾದ್ದು, ಎಲ್ ಬವೇರಿಯಾದ್ದು. ಅಡ್ಡಪಟ್ಟಿಯ ಮೇಲೆ 83.ಆರ್.10.75 ಎಂಬಂಥ ಸಾಲು ಇದ್ದರೆ 83ನೇ ರೆಜಿಮೆಂಟು, 10ನೇ ಕಂಪನಿ, 75ನೇ ಆಯುಧ ಎಂದು ಓದಬೇಕು. 1940ರಿಂದ ತಯಾರಕರ ಹೆಸರಿನ ಜಾಗಕ್ಕೆ ಮೂರು ಸಣ್ಣಕ್ಷರದ ಸಂಕೇತ ಬಂತು. ಸಿ-ಒ-ಎಫ್ ಎಂದರೆ ಸೋಲಿಂಗನ್ ಊರಿನ ಐಕ್‌ಹಾರ್ನ್, ಎ-ಎಸ್-ಡಬ್ಲ್ಯು ಎಂದರೆ ಹಾರ್ಸ್ಟರ್.

ಫ್ರಾನ್ಸಿನ 1866ರ ಶಾಸ್ಪೊ, 1874ರ ಗ್ರಾ ಬಯೊನೆಟ್‌ಗಳ ಬೆನ್ನಿನ ಮೇಲೆ ಕೂಡಕ್ಷರದಲ್ಲಿ ಕಾರ್ಖಾನೆಯ ಹೆಸರು ಮತ್ತು ವರ್ಷ ಉದ್ದಕ್ಕೆ ಕೆತ್ತಿರುತ್ತದೆ. ಇವುಗಳಿಗೆ ದಿನಾಂಕ ಹುಡುಕುವುದೇ ಬೇಡ, ಓದಿದರೆ ಸಾಕು. ಜಪಾನಿನವುಗಳ ಬುಡದಲ್ಲಿ ಫಿರಂಗಿ ಗುಂಡುಗಳನ್ನು ಪೇರಿಸಿದಂತೆ ಕಾಣುವ ಗುರುತು ಟೋಕಿಯೋ ಮತ್ತು ಕೊಕುರಾ ಶಸ್ತ್ರಾಗಾರದ್ದು. ಅಮೆರಿಕದವುಗಳಲ್ಲಿ ಯು.ಎಸ್. ಅಕ್ಷರ ಮತ್ತು ಉರಿಯುವ ಗುಂಡಿನ ಚಿತ್ರ. ಎ.ಎಸ್. ಎಫ್.ಎ. ಎಂದಿದ್ದರೆ ತುರ್ಕಿಯ ಸೇನಾ ಕಾರ್ಖಾನೆ. ತುರ್ಕಿ ಬೇರೆ ಬೇರೆ ದೇಶಗಳ ಹಳೆಯ ಬಯೊನೆಟ್‌ಗಳನ್ನು ಮೋಟು ಮಾಡಿ, ತನ್ನ ಬಂದೂಕಿಗೆ ಹೊಂದಿಸಿ ಮತ್ತೆ ಬಳಸಿತು. ಅಲಗು ಒಂದು ದೇಶದ್ದು, ಹಿಡಿ ಇನ್ನೊಂದು ಬಗೆಯದು ಎನಿಸಿದಾಗ ಈ ಮುದ್ರೆಯನ್ನು ಮರೆಯದೆ ಹುಡುಕಿ.

ಮಸುಕಾದ ಮುದ್ರೆ ಓದಲು ಕೋಣೆ ಕತ್ತಲಾಗಿಸಿ, ಟಾರ್ಚನ್ನು ಅಲಗಿನ ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದು, ನಾಲ್ಕೂ ದಿಕ್ಕಿನಿಂದ ಬೆಳಕು ಬೀಳಿಸಿ. ತೆಳು ಕಾಗದ ಇಟ್ಟು ಮೆತ್ತನೆ ಪೆನ್ಸಿಲ್ ಸವರುವುದೂ ಒಳ್ಳೆಯ ಉಪಾಯವೇ.

ಗ್ರಿಪ್ ಯಾವ ವಸ್ತುವಿನದು ಎಂದು ತಿಳಿಯುವುದು ಹೇಗೆ?

ಮೊದಲು ಅಯಸ್ಕಾಂತ. ಅಂಟಿದರೆ ಉಕ್ಕು. ಬೆಳ್ಳಿ ಬಣ್ಣವಿದ್ದೂ ಅಂಟದಿದ್ದರೆ, ಹಗುರವಾಗಿದ್ದರೆ ಅಲ್ಯೂಮಿನಿಯಂ, ಭಾರವಾಗಿದ್ದು ತುಸು ಹಳದಿ ಛಾಯೆ ಇದ್ದರೆ ತಾಮ್ರ, ನಿಕಲ್, ಸತುವಿನ ಮಿಶ್ರಲೋಹವಾದ ನಿಕಲ್ ಬೆಳ್ಳಿ ಇರಬಹುದು.

ಕಪ್ಪು ಅಥವಾ ಕಂದು ವಸ್ತುವಾದರೆ ಹೆಬ್ಬೆರಳಿನಿಂದ ಅರ್ಧ ನಿಮಿಷ ಜೋರಾಗಿ ತಿಕ್ಕಿ, ಕೂಡಲೇ ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಗಟ್ಟಿ ರಬ್ಬರ್, ಇದು ಬೆಳಕಿಗೆ ಕಪ್ಪಿನಿಂದ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ. ಆಸ್ಪತ್ರೆಯ ಫೀನಾಲಿನಂಥ ಘಾಟು ಬಂದರೆ ಬೇಕಲೈಟ್ ಎಂಬ ಹಳೆಯ ಗಟ್ಟಿ ಪ್ಲಾಸ್ಟಿಕ್. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್ ಎಂಬ ಇನ್ನೊಂದು ಹಳೆಯ ಪ್ಲಾಸ್ಟಿಕ್. ಮೂಳೆಯ ಮೈಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮತ್ತು ಗೀರುಗಳಿರುತ್ತವೆ, ಅವು ರಕ್ತನಾಳ ಹಾದುಹೋದ ದಾರಿಗಳು. ದಂತದಲ್ಲಿ ಅವು ಇರುವುದಿಲ್ಲ. ಅಡ್ಡ ಕತ್ತರಿಸಿದ ತುದಿಯಲ್ಲಿ ಒಂದನ್ನೊಂದು ದಾಟುವ ಸಣ್ಣ ಬಾಗುಗೆರೆಗಳ ಜಾಲ ಕಂಡರೆ ಆನೆಯ ದಂತ. ಕೊಂಬು ಎಳೆಎಳೆಯಾಗಿ ಪದರ ಬಿಡುತ್ತದೆ.

ಕಾಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಖಂಡಿತ ಬೇಡ. ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೇರೆ ಯಾವುದೇ ಆಗಿದ್ದರೂ ಮಾಯದ ಗಾಯ ಉಳಿಯುತ್ತದೆ.

ಕಾರ್ಖಾನೆಯಿಂದಲೇ ಮರವಲ್ಲದ ಅಥವಾ ವಿಚಿತ್ರ ಹಿಡಿಯೊಂದಿಗೆ ಬಂದವು ಯಾವುವು?

ಜನ ಎಣಿಸುವುದಕ್ಕಿಂತ ಹೆಚ್ಚು. ಸುಲಭವಾಗಿ ಗುರುತಿಸಬಲ್ಲದ್ದರಿಂದ ಶುರುಮಾಡೋಣ: ಮರದ ಗ್ರಿಪ್ಪಿಗೆ ಅಡ್ಡಲಾಗಿ ಎರಡು ಆಳವಾದ ಗೀರು ಕೊರೆದಿದ್ದರೆ ಅದು ಬ್ರಿಟಿಷ್ 1913ರ ಮಾದರಿ ಅಥವಾ ಅದರದೇ ರೂಪವಾದ ಅಮೆರಿಕದ ಎಂ1917. ಅಲಂಕಾರಕ್ಕಾಗಿ ಕೊರೆದ ಗೀರುಗಳಲ್ಲ ಅವು. ಈ ಬಯೊನೆಟ್ 1907ರದ್ದನ್ನೇ ಹೋಲುತ್ತದೆ, ಆದರೆ ಉಂಗುರ ಇರುವ ಎತ್ತರ ಬೇರೆ, ಆದ್ದರಿಂದ ಒಂದರ ಬಂದೂಕಿಗೆ ಇನ್ನೊಂದು ಕೂರದು. ಕಣ್ಣಿಗೂ ಕೈಗೂ ತಕ್ಷಣ ಗೊತ್ತಾಗಲೆಂದು ಆ ಗೀರು ಹಾಕಿದರು. ರೆಮಿಂಗ್ಟನ್ ಮತ್ತು ವಿಂಚೆಸ್ಟರ್ ಕಂಪನಿಗಳು ಮೊದಲು ಬ್ರಿಟನ್ನಿಗೆ, ಆಮೇಲೆ ಅಮೆರಿಕದ ಸೇನೆಗೆ ಇದನ್ನು ತಯಾರಿಸಿದವು. ಹೀಗಾಗಿ ಒಂದೇ ಅಲಗಿನ ಮೇಲೆ 1913 ಮತ್ತು ಯು.ಎಸ್. ಎರಡೂ ಕಾಣಬಹುದು.

ಚೌಕಳಿ ಒತ್ತಿದ ಚರ್ಮದ ಗ್ರಿಪ್ ಇದ್ದು, ಅಲಗು ಎರಡು ಸಲ ಬಾಗಿ ಸುಮಾರು 58 ಸೆಂ.ಮೀ. ಉದ್ದವಿದ್ದರೆ ಬ್ರಿಟನ್ನಿನ 1850ರ ದಶಕದ ಖಡ್ಗ ಬಯೊನೆಟ್. ಅಂಥದೇ ಬಾಗಿದ ಅಲಗು, ಗೀರುಗಳಿರುವ ಪೂರ್ತಿ ಹಿತ್ತಾಳೆಯ ಹಿಡಿ ಇದ್ದರೆ ಫ್ರಾನ್ಸಿನ ಶಾಸ್ಪೊ ಅಥವಾ ಅದನ್ನು ಅನುಸರಿಸಿದ ಬೇರೆ ದೇಶದ್ದು. ಲೆಬೆಲ್‌ನ ಹಿಡಿ ಮೊದಲು ನಿಕಲ್ ಬೆಳ್ಳಿ, ಮುಂದೆ ಯುದ್ಧದ ಕೊರತೆಯಲ್ಲಿ ಹಿತ್ತಾಳೆ ಮತ್ತು ಉಕ್ಕು. ಅದರ ಅಲಗು ನಾಲ್ಕು ಏಣಿನ ಸೂಜಿಯಂತಿರುವುದರಿಂದ ಬೇರೆಯದೆಂದು ತಪ್ಪು ತಿಳಿಯುವ ಸಂಭವ ಕಡಿಮೆ.

ಅಲ್ಯೂಮಿನಿಯಂ ಹಿಡಿಗೆ ಹೆಸರಾದದ್ದು ಅರ್ಜೆಂಟೀನಾದ 1891ರ ಮಾದರಿ, ತಯಾರಾದದ್ದು ಜರ್ಮನಿಯಲ್ಲಿ. ಕೊಳವೆಯಂಥ ಉಕ್ಕಿನ ಹಿಡಿ ಮತ್ತು ಸುಮಾರು 21 ಸೆಂ.ಮೀ. ಅಲಗು ಇದ್ದರೆ ಸ್ವೀಡನ್ನಿನ 1896. ತಗಡು ಮಡಿಸಿ ಮಾಡಿದಂತಿರುವ ಒರಟು ಉಕ್ಕಿನ ಹಿಡಿ, ಬೂದುಹಸಿರು ಬಣ್ಣದ ಉಳಿಕೆ ಇದ್ದರೆ ಮೊದಲ ಮಹಾಯುದ್ಧದಲ್ಲಿ ಜರ್ಮನಿ ಅವಸರಕ್ಕೆ ಮಾಡಿದ ಬದಲಿ ಬಯೊನೆಟ್. ಅದರಲ್ಲೇ ಹತ್ತಾರು ಬಗೆಗಳಿವೆ, ಅದೊಂದು ಬೇರೆಯೇ ಲೋಕ. ಸ್ಪೇನಿನ 1941ರ ಮಾದರಿಯಲ್ಲಿ ಚೌಕಳಿ ಕೆತ್ತಿದ ಮರದ ಗ್ರಿಪ್, ತುದಿಯ ಕಡೆ ಅಗಲವಾಗುವ ಅಲಗು.

ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿದ ಹಿಡಿ ಅಮೆರಿಕದ ಎಂ4ರ ಲಕ್ಷಣ. ಇದನ್ನು ಎಂ1 ಕಾರ್ಬೈನ್ ಎಂಬ ಮೋಟು ಬಂದೂಕಿಗಾಗಿ ಎಂ3 ಚಾಕುವಿನಿಂದ ರೂಪಿಸಿದರು. ಯುದ್ಧದ ನಂತರ ಅದಕ್ಕೇ ಕಪ್ಪು ಪ್ಲಾಸ್ಟಿಕ್ ಹಿಡಿ ಬಂತು. ಎರಡನೇ ಮಹಾಯುದ್ಧ ಕಾಲದ ಅಮೆರಿಕನ್ ಉದ್ದ ಬಯೊನೆಟ್‌ಗಳಲ್ಲಿ ವಾಲ್‌ನಟ್ ಮರದ ಬದಲು ಕಪ್ಪು ಅಥವಾ ಕೆಂಪುಮಿಶ್ರಿತ ಪ್ಲಾಸ್ಟಿಕ್ ಕಾಣುವುದು ಸಹಜ. ಬ್ರಿಟನ್ನಿನ ನಂ. 7ಕ್ಕೆ ಬೆರಳು ಕೂರುವ ತಗ್ಗುಗಳಿರುವ ಕೆಂಪು ಅಥವಾ ಕಪ್ಪು ಹಿಡಿ, ಜೊತೆಗೆ ಅರ್ಧ ಸುತ್ತು ತಿರುಗುವ ಪಾಮೆಲ್. ಕೆಂಪುಗಂದು ಪ್ಲಾಸ್ಟಿಕ್ ಹಿಡಿ, ಅಲಗಿನಲ್ಲಿ ಒಂದು ತೂತು, ಒರೆಯ ತುದಿಗೆ ಸಿಕ್ಕಿಸಿದರೆ ತಂತಿ ಕತ್ತರಿಸುವ ವ್ಯವಸ್ಥೆ ಇದ್ದರೆ ಎಕೆಎಂ ಕುಟುಂಬದ್ದು. ಅದನ್ನು ಸೋವಿಯತ್ ಒಕ್ಕೂಟವಷ್ಟೇ ಅಲ್ಲ, ಪೂರ್ವ ಯೂರೋಪಿನ ಹಲವು ದೇಶಗಳು ತಯಾರಿಸಿದವು.

ಜರ್ಮನ್ 84/98ರಲ್ಲಿ ಗ್ರಿಪ್ ಒಳ್ಳೆಯ ಕಾಲಸೂಚಿ. 1930ರ ದಶಕದ ಮಧ್ಯದವರೆಗೆ ಮರ, ದಶಕದ ಕೊನೆಯಿಂದ ಕೆಂಪುಗಂದು ಇಲ್ಲವೇ ಕಪ್ಪು ಬೇಕಲೈಟ್. ಯುದ್ಧದ ಕೊನೆಗೆ ಕೆಲವು ತಯಾರಕರಲ್ಲಿ ಮತ್ತೆ ಮರವೂ, ಸ್ಕ್ರೂ ಬದಲು ರಿವೆಟ್ಟೂ ಬಂದವು. ಜಪಾನಿನ ಟೈಪ್ 30ರಲ್ಲೂ ಇದೇ ಇಳಿಜಾರು: ಮೊದಲು ಸ್ಕ್ರೂ, ಬಾಗಿದ ಕೊಕ್ಕೆ, ಉಕ್ಕಿನ ಒರೆ. ಕೊನೆಗೆ ರಿವೆಟ್, ನೇರ ಅಡ್ಡಪಟ್ಟಿ, ಒರಟು ಮೈ, ಮರದ ಒರೆ. ಕಚ್ಚಾವಸ್ತುವಿನ ಕೊರತೆ ಮೊದಲು ಕಾಣುವುದು ಹಿಡಿಯಲ್ಲಿ. ಹಿಡಿ ಮೂಲದ್ದೆಂದು ಖಚಿತವಾದ ಮೇಲೆ ಅದಕ್ಕೆ ಇಷ್ಟು ಬೆಲೆ ಇರುವುದು ಆ ಕಾರಣಕ್ಕೇ.

ಗ್ರಿಪ್ ಬದಲಾಗಿದೆಯೇ ಎಂದು ಪತ್ತೆ ಮಾಡುವುದು ಹೇಗೆ?

ಚಕ್ಕೆಯ ಅಂಚು ಟ್ಯಾಂಗಿನ ಅಂಚನ್ನು ಸೇರುವ ಗೆರೆಯ ಮೇಲೆ ಉಗುರು ಓಡಿಸಿ. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ನಯಗೊಳಿಸಿದ ಹಿಡಿಗಳಲ್ಲಿ ಉಗುರು ತಡೆಯದೆ ಜಾರುತ್ತದೆ. ಮರ ಒಣಗಿ ಕುಗ್ಗಿದ್ದರೆ ತಡೆ ಎರಡೂ ಬದಿಯಲ್ಲಿ ಒಂದೇ ಸಮ ಇರುತ್ತದೆ. ಒಂದು ಕಡೆ ಚಕ್ಕೆ ಹೊರಚಾಚಿ ಇನ್ನೊಂದು ಕಡೆ ಒಳಸರಿದಿದ್ದರೆ ಅದು ಬೇರೆ ಬಯೊನೆಟ್ಟಿನಿಂದ ಬಂದ ಚಕ್ಕೆ. ಚಕ್ಕೆಯ ಬದಿಯಲ್ಲಿರುವ ಟ್ಯಾಂಗಿನ ಲೋಹದ ಮೇಲೆ ಅರದ ಹೊಸ ಗೀರುಗಳಿದ್ದರೆ, ಹೊಸ ಚಕ್ಕೆಯನ್ನು ಕೂರಿಸಿಯಾದ ಮೇಲೆ ಉಜ್ಜಿ ಸರಿಮಾಡಿದ್ದಾರೆ.

ಆಮೇಲೆ ಸವೆತ ಹೋಲಿಸಿ. ಅಲಗು ಮತ್ತು ಪಾಮೆಲ್ ಗುಳಿಬಿದ್ದು ಗ್ರಿಪ್ ಮಾತ್ರ ಚೂಪು ಅಂಚಿನದಾಗಿದ್ದರೆ ಅನುಮಾನಪಡಬೇಕು. ಸ್ಕ್ರೂಗಳ ಸೀಳು ಹರಿದಿದ್ದರೆ ಯಾರೋ ಬಿಚ್ಚಿದ್ದಾರೆ, ಆದರೆ ಬದಲಿಸಿದ್ದಾರೆಂದು ಅಷ್ಟರಿಂದಲೇ ಹೇಳಲಾಗದು. ಸೇನೆಯ ದುರಸ್ತಿ ಕೇಂದ್ರಗಳಲ್ಲೂ ಗ್ರಿಪ್ ಬದಲಿಸುತ್ತಿದ್ದರು. ಅಂಥ ದುರಸ್ತಿ ಆ ಬಯೊನೆಟ್ಟಿನ ಸೇವಾ ಇತಿಹಾಸವೇ ಆದ್ದರಿಂದ ಅದನ್ನು ದೋಷವೆಂದು ಎಣಿಸಬಾರದು. ಎರಡು ಬದಿಯ ಚಕ್ಕೆಗಳ ಮರ ಬೇರೆಬೇರೆ ಇದ್ದು ಎರಡೂ ಸಮನಾಗಿ ಸವೆದಿದ್ದರೆ ಬಹುಮಟ್ಟಿಗೆ ಅದೇ ಕಥೆ.

ಹಿಡಿಯಲ್ಲಿ ಬಣ್ಣಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಗಳಿವೆ. ಇದು ಯಾವ ಮಾದರಿ?

ಯಾವ ಸೇನೆಯ ಮಾದರಿಯೂ ಅಲ್ಲ, ಕೈಕೆಲಸ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನ ಬದಲಿಗೆ ಬಳಸುತ್ತಿದ್ದ ಪರ್ಸ್‌ಪೆಕ್ಸ್ ತುಂಡುಗಳನ್ನು, ಅಲ್ಯೂಮಿನಿಯಂ ಮತ್ತು ಹಿತ್ತಾಳೆಯ ತೆಳು ಬಿಲ್ಲೆಗಳ ಜೊತೆ ಟ್ಯಾಂಗಿಗೆ ಪೋಣಿಸಿ, ತುದಿಗೆ ನಟ್ ಬಿಗಿದು ಸೈನಿಕರೂ ದುರಸ್ತಿ ಶಾಲೆಯವರೂ ಹೊಸ ಹಿಡಿ ಮಾಡುತ್ತಿದ್ದರು. ಮೋಟುಗೊಳಿಸಿದ ಬಯೊನೆಟ್ ಅಲಗುಗಳೇ ಇದಕ್ಕೆ ಹೆಚ್ಚಾಗಿ ಬಳಕೆಯಾದವು. ಇಂಥದ್ದನ್ನು ಬಿಚ್ಚಿ ಮೂಲ ರೂಪಕ್ಕೆ ತರುವ ಆಸೆ ಬೇಡ. ಈಗಿರುವ ರೂಪವೇ ಅದರ ಮೂಲ ರೂಪ, ಅದನ್ನೇ ಹುಡುಕಿ ಕೊಳ್ಳುವ ಸಂಗ್ರಾಹಕರೂ ಇದ್ದಾರೆ.

ನಿಕಲ್ ಲೇಪ, ಚೌಕಳಿ ಗ್ರಿಪ್, ಹರಿತವೇ ಇಲ್ಲ. ಇದು ಯುದ್ಧದ್ದೇ?

ಜರ್ಮನಿಯಲ್ಲಿ ಸೈನಿಕರು ರಜೆಯಲ್ಲಿ ಸಮವಸ್ತ್ರದೊಂದಿಗೆ ಧರಿಸಲು ಸ್ವಂತ ಹಣದಿಂದ ಕೊಳ್ಳುತ್ತಿದ್ದ ಅಲಂಕಾರದ ಬಯೊನೆಟ್ ಅದು. ಗ್ರಿಪ್ ಚರ್ಮ, ಗಟ್ಟಿ ರಬ್ಬರ್ ಅಥವಾ ಪ್ಲಾಸ್ಟಿಕ್. ಹೆಚ್ಚು ಹಣ ಕೊಟ್ಟವರಿಗೆ ಜಿಂಕೆ ಕೊಂಬು. ಪಾಮೆಲಿನ ಕೊರಕಲಿನಲ್ಲಿ ಬಣ್ಣದ ಫೆಲ್ಟ್ ಬಟ್ಟೆ ತುಂಬಿರುವುದು ಇದರ ಒಳ್ಳೆಯ ಗುರುತು.

ಅಲಗಿನ ಉದ್ದಕ್ಕೆ ಇರುವ ತೋಡು ರಕ್ತ ಹರಿಯಲೆಂದೇ?

ಅಲ್ಲ. ಬಿಗಿ ಹೆಚ್ಚು ಕಳೆದುಕೊಳ್ಳದೆ ಅಲಗಿನ ತೂಕ ಇಳಿಸಲು ಆ ತೋಡು. ಗುರುತಿಸುವಾಗ ಮಾತ್ರ ಅದು ಉಪಯುಕ್ತ: ತೋಡು ತುದಿಯವರೆಗೂ ಓಡಿದ್ದರೆ ಅಲಗನ್ನು ಮೋಟು ಮಾಡಿರಬಹುದು. ಮೋಟು ಮಾಡಿದ್ದೆಲ್ಲ ಮನೆಯ ಕೆಲಸವಲ್ಲ. ಅಮೆರಿಕದ ಸೇನೆಯೇ 1943ರಿಂದ 16 ಇಂಚಿನ ಅಲಗುಗಳನ್ನು 10 ಇಂಚಿಗೆ ಇಳಿಸಿತು. ಅವುಗಳಲ್ಲಿ ತೋಡು ತುದಿಗೆ ಮುಟ್ಟುತ್ತದೆ, ಹೊಸದಾಗಿ 10 ಇಂಚಿಗೇ ಮಾಡಿದ ಎಂ1ರಲ್ಲಿ ಮೊದಲೇ ನಿಲ್ಲುತ್ತದೆ.

ಒಳಗಿನ ಗುರುತು ನೋಡಲು ಗ್ರಿಪ್ ಬಿಚ್ಚಬಹುದೇ?

ರಿವೆಟ್ ಆಗಿದ್ದರೆ ಬಿಚ್ಚಬೇಡಿ. ರಿವೆಟ್ ಕೊರೆದು ತೆಗೆದ ಹಿಡಿ ಮತ್ತೆಂದೂ ಮೂಲದ್ದಾಗುವುದಿಲ್ಲ. ಸ್ಕ್ರೂ ಆಗಿದ್ದರೂ ಹೊರಗಿನ ಮುದ್ರೆಗಳಿಂದ ಉತ್ತರ ಸಿಗದಿದ್ದಾಗ ಮಾತ್ರ ಕೈಹಾಕಿ. ಮನೆಯ ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಇಳಿಜಾರಾಗಿರುವುದರಿಂದ ಸೀಳಿನಿಂದ ಜಾರಿ ಅಂಚು ಹರಿಯುತ್ತದೆ. ಬಂದೂಕು ರಿಪೇರಿಯವರು ಬಳಸುವ, ಸೀಳಿನ ಅಗಲ ಮತ್ತು ದಪ್ಪಕ್ಕೆ ಸರಿಯಾಗಿ ಕೂರುವ ಸಮಾನಾಂತರ ತುದಿಯ ಬಿಟ್ ಬೇಕು. ಸ್ಕ್ರೂ ತಲೆಗೆ ಸೂಜಿಯ ತುದಿಯಿಂದ ಒಂದು ಹನಿ ತುಕ್ಕುಬಿಡಿಸುವ ಎಣ್ಣೆ ಹಾಕಿ 24 ಗಂಟೆ ಬಿಡಿ. ಹೆಚ್ಚು ಹಾಕಿದರೆ ಮರ ಕುಡಿದು ಕಪ್ಪಾಗುತ್ತದೆ. ಎದುರು ಬದಿಯ ನಟ್ ಜೊತೆಗೇ ತಿರುಗದಂತೆ ಹಿಡಿದುಕೊಂಡು, ಮೊದಲು ಬಿಗಿಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಬರದಿದ್ದರೆ ಅಲ್ಲಿಗೇ ನಿಲ್ಲಿಸಿ.

ಹಳೆಯ ಬೇಕಲೈಟ್ ಪೆಡಸಾಗಿರುತ್ತದೆ. ಸ್ಕ್ರೂ ಬಂದರೂ ಚಕ್ಕೆ ಅಂಟಿಕೊಂಡಿದ್ದರೆ ಸಂದಿಗೆ ಏನನ್ನೂ ತುರುಕಿ ಎಬ್ಬಬೇಡಿ, ಸ್ಕ್ರೂ ತೂತಿನ ಸುತ್ತ ಸೀಳಿಬಿಡುತ್ತದೆ. ತೆಗೆದ ಚಕ್ಕೆಗಳಿಗೆ ಎಡ, ಬಲ ಎಂದು ಚೀಟಿ ಕಟ್ಟಿ. ಮತ್ತೆ ಕೂರಿಸುವಾಗ ಬಿಗಿಯುವುದು ಬೆರಳ ಬಲದಷ್ಟೇ ಇರಲಿ.

ತುಕ್ಕು ತಡೆಯಲು ಏನು ಮಾಡಲಿ?

ಕೆಂಪು, ಪುಡಿಪುಡಿ ತುಕ್ಕು ಈಗಲೂ ತಿನ್ನುತ್ತಿದೆ, ಅದನ್ನು ನಿಲ್ಲಿಸಬೇಕು. ಕಪ್ಪುಗಂದಾಗಿ ಗಟ್ಟಿಯಾದದ್ದು ನಿಂತುಹೋದ ತುಕ್ಕು, ಹಾಗೇ ಇರಲಿ. ಕೆಂಪು ತುಕ್ಕಿನ ಮೇಲೆ ತೆಳು ಖನಿಜ ತೈಲ ಹಚ್ಚಿ ಒಂದು ದಿನ ಬಿಟ್ಟು, ಒರಟು ಬಟ್ಟೆಯಿಂದ ಒರೆಸಿ. ಎರಡು ಮೂರು ಸಲ ಮಾಡಿದರೆ ಹೆಚ್ಚಿನದು ಬರುತ್ತದೆ. ಬಟ್ಟೆ ಕಪ್ಪಾಗುವುದು ನಿಂತಾಗ ನೀವೂ ನಿಲ್ಲಿಸಿ. ಮುದ್ರೆಯ ಮೇಲೆ ಮಾತ್ರ ಬಟ್ಟೆಯ ಹೊರತು ಬೇರೇನೂ ಬೇಡ. ಕೊನೆಗೆ ಮೈಕ್ರೊಕ್ರಿಸ್ಟಲೈನ್ ಮೇಣದ ತೆಳು ಪದರ.

ಮರಕ್ಕೆ ಕುದಿಸಿದ ಅಗಸೆ ಎಣ್ಣೆ ನಾಲ್ಕೈದು ಹನಿ ಸಾಕು, ಹತ್ತು ನಿಮಿಷದಲ್ಲಿ ಒರೆಸಿ ತೆಗೆಯಬೇಕು. ಆ ಎಣ್ಣೆ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಹೊರಗೆ ಹರಡಿ ಒಣಗಿಸಿ. ಚರ್ಮದ ಬಿಲ್ಲೆಗಳ ಹಿಡಿಗೆ ಎಣ್ಣೆ ಹಾಕಬೇಡಿ, ಮೆತ್ತಗಾಗಿ ಸಡಿಲವಾಗುತ್ತವೆ. ಸೆಲ್ಯುಲಾಯ್ಡ್ ಬಿರುಕುಬಿಟ್ಟು ಅಂಟಂಟಾಗಿ, ಪಕ್ಕದ ಲೋಹ ಹಸಿರಾಗುತ್ತಿದ್ದರೆ ಅದು ಕೊಳೆಯುತ್ತಿದೆ. ಗಾಳಿಯಾಡುವ ತಂಪು ಜಾಗದಲ್ಲಿ, ಉಳಿದ ವಸ್ತುಗಳಿಂದ ದೂರ ಇಡಿ.

ಅಲಗನ್ನು ಚರ್ಮದ ಒರೆಯೊಳಗೆ ಬಿಡದೆ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಬೇರೆಯಾಗಿ ಇಡಿ. ಹದ ಮಾಡಿದ ಚರ್ಮ ತೇವ ಹಿಡಿದಿಟ್ಟು ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯಲ್ಲಿ ಹಸಿರು ಕಿಲುಬು ಬರಿಸುತ್ತದೆ.

ಒರೆ ಬೇರೆ ಬಯೊನೆಟ್ಟಿನದಾಗಿರಬಹುದೇ?

ಆಗಿರಬಹುದು. ಜರ್ಮನ್ 84/98ರಲ್ಲಿ ಅಲಗಿನ ಸಂಖ್ಯೆಯೇ ಒರೆಯ ಮೇಲೂ ಇರುತ್ತದೆ. ಎರಡೂ ಒಂದೇ ಆದರೆ ಸಂಗ್ರಾಹಕರ ಕಣ್ಣಲ್ಲಿ ಮೌಲ್ಯ ಬಹಳ ಏರುತ್ತದೆ. ಸಂಖ್ಯೆ ಇಲ್ಲದ ಮಾದರಿಗಳಲ್ಲಿ ಒರೆಯ ಬಾಯಿಗೂ ಅಡ್ಡಪಟ್ಟಿಗೂ ನಡುವೆ ಸಂದಿ ಉಳಿಯುತ್ತದೆಯೇ, ಅಲಗು ಒಳಗೆ ಲಟಲಟ ಎನ್ನುತ್ತದೆಯೇ ನೋಡಿ.

ಸಂಖ್ಯೆಯಿಂದ ಇದನ್ನು ಬಳಸಿದ ಸೈನಿಕನ ಹೆಸರು ಸಿಗುತ್ತದೆಯೇ?

ಸಂಖ್ಯೆ ಆಯುಧದ್ದು ಅಥವಾ ದಳದ್ದು, ವ್ಯಕ್ತಿಯದಲ್ಲ. ದಳದ ಗುರುತು ಸ್ಪಷ್ಟವಾಗಿದ್ದರೆ ಅದನ್ನು ಮನೆಯಲ್ಲಿ ಉಳಿದ ಸೇವಾ ದಾಖಲೆ, ಪದಕ, ಹಳೆಯ ಪತ್ರಗಳ ಜೊತೆ ಹೋಲಿಸಬಹುದು. ಬಯೊನೆಟ್ ಎದುರಾಳಿ ಸೇನೆಯದಾಗಿದ್ದರೆ ನಿಮ್ಮ ಹಿರಿಯರು ಯಾವ ರಣರಂಗದಲ್ಲಿದ್ದರು ಎಂಬುದಕ್ಕೆ ಅದೇ ಸುಳಿವು. ಕೆತ್ತಿದ ಹೆಸರಿನ ಮೊದಲಕ್ಷರಗಳು ಗ್ರಿಪ್ಪಿನ ಮೇಲಿದ್ದರೆ ಯಾವ ಕಾರಣಕ್ಕೂ ಉಜ್ಜಬೇಡಿ.

ನಕಲಿ ಗುರುತಿಸುವುದು ಹೇಗೆ?

ಉಕ್ಕಿಗೆ ಹೊಡೆದ ಮುದ್ರೆಯ ಅಂಚಿನಲ್ಲಿ ಲೋಹ ಕೂದಲೆಳೆಯಷ್ಟು ಉಬ್ಬಿರುತ್ತದೆ, ತಳ ಚೂಪಾಗಿರುತ್ತದೆ. ಎರಕದ ನಕಲಿನಲ್ಲಿ ಅಕ್ಷರಗಳ ಅಂಚು ದುಂಡಗೆ, ಮೈಯಲ್ಲಿ ಸಣ್ಣ ಗುಳ್ಳೆಗಳು. ತುಕ್ಕಿನ ಗುಳಿಯನ್ನು ಮುದ್ರೆ ಕತ್ತರಿಸಿಕೊಂಡು ಹೋಗಿದ್ದರೆ ಮುದ್ರೆ ತುಕ್ಕಿಗಿಂತ ಹೊಸದು. ನಾಜಿ ಸಂಘಟನೆಗಳ ಚಿಹ್ನೆ ಸೇರಿಸಿ ಬೆಲೆ ಏರಿಸುವುದು ಬಹಳ ಹಳೆಯ ದಂಧೆ. ಮಾಮೂಲಿ ಬಯೊನೆಟ್ಟಿನ ಗ್ರಿಪ್ಪಿನಲ್ಲಿ ಅಂಥ ಚಿಹ್ನೆ ಕೂರಿಸಿದ್ದರೆ ನಂಬದಿರುವುದೇ ಮೇಲು.

ತಜ್ಞರಿಗೆ ತೋರಿಸುವ ಮೊದಲು ಏನು ಸಿದ್ಧಪಡಿಸಿಕೊಳ್ಳಲಿ?

ಎಲ್ಲ ಅಳತೆಗಳು, ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಎರಡೂ ಬದಿಯ ಪೂರ್ತಿ ಚಿತ್ರ, ಬುಡದ ಎರಡು ಮುಖ, ಬೆನ್ನು, ಅಡ್ಡಪಟ್ಟಿ, ಪಾಮೆಲ್, ಪ್ರತಿ ಸ್ಕ್ರೂ ತಲೆ, ಗ್ರಿಪ್ ಟ್ಯಾಂಗನ್ನು ಸೇರುವ ಗೆರೆ, ಒರೆಯ ಬಾಯಿ ಮತ್ತು ತುದಿ. ಫ್ಲ್ಯಾಶ್ ಬೇಡ, ಕಿಟಕಿಯ ಓರೆ ಬೆಳಕು ಸಾಕು. ಮನೆಯಲ್ಲಿ ಕೇಳಿದ ಮಾತನ್ನೂ ಬರೆದಿಡಿ, ಆದರೆ ಕಣ್ಣಿಗೆ ಕಂಡದ್ದರಿಂದ ಬೇರೆ ಪುಟದಲ್ಲಿ.

ವಸ್ತುವನ್ನೇ ಹೊತ್ತೊಯ್ಯುವ ಅಥವಾ ಅಂಚೆಯಲ್ಲಿ ಕಳಿಸುವ ಮೊದಲು ನೀವಿರುವ ಕಡೆಯ ಕಾನೂನು ಕೇಳಿಕೊಳ್ಳಿ. ಅಲಗಿನ ಉದ್ದದ ಮಿತಿ, ಪರವಾನಗಿ, ಸಾರ್ವಜನಿಕ ಜಾಗದಲ್ಲಿ ಒಯ್ಯುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಹಿಡಿ ದಂತದ್ದಾಗಿದ್ದರೆ ಗಡಿ ದಾಟಿಸಲು ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ನಿರ್ಬಂಧಗಳೂ ಸೇರುತ್ತವೆ, ವಸ್ತು ಎಷ್ಟೇ ಹಳೆಯದಾಗಿದ್ದರೂ ಅದರ ವಯಸ್ಸನ್ನು ದಾಖಲೆಯಿಂದ ತೋರಿಸಬೇಕಾಗಬಹುದು.